ಪೇಟೆಂಟ್ ತಕರಾರಿನಲ್ಲಿ ಒಂದು ಕೋಷ್ಟಕ ಓದಿದ್ದು

ವಿಜಯಪುರದ ಸುತ್ತ ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಮೇಲೆ ಮಳೆ ಹಿಡಿದರೆ ದ್ರಾಕ್ಷಿ ಬೆಳೆಗಾರರಿಗೆ ಎಲೆಗೆ ಬೂಜು ಹಿಡಿಸುವ ಡೌನಿ ರೋಗದ್ದೇ ಚಿಂತೆ. ಎಲೆಯ ಮೇಲೆ ನಿಲ್ಲುವ ಮ್ಯಾಂಕೋಜೆಬ್ ಜೊತೆ ಒಳಗೆ ಇಳಿಯುವ ಇನ್ನೊಂದು ಔಷಧಿ ಕೂಡಿಸಿ ಹೊಡೆಯುವುದು ಹಳೆಯ ರೂಢಿ. ಅಂಥದ್ದೇ ಒಂದು ಮಿಶ್ರಣಕ್ಕೆ ಪೇಟೆಂಟ್ ಸಿಕ್ಕಿತ್ತು. ಅದನ್ನು ವಿರೋಧಿಸುವವರ ವಕೀಲರು ಪ್ರಯೋಗದ ಅಂಕಿ ನೋಡಿ ಅಫಿಡವಿಟ್ ಕೊಡಿ ಎಂದು ನನ್ನನ್ನು ಕೇಳಿದರು. ಬೆಳೆರೋಗದ ಔಷಧಿ ಪರೀಕ್ಷಿಸುವುದು ನನ್ನ ಕೆಲಸ. ಕಾನೂನು ಅವರಿಗೆ ಬಿಟ್ಟೆ.

ಆದರೂ ಒಂದು ಕಲಂ ಓದಲೇಬೇಕಾಯಿತು. 1970ರ ಪೇಟೆಂಟ್ ಕಾಯ್ದೆಯ 3(ಇ) ಪ್ರಕಾರ, ಸುಮ್ನೆ ಬೆರೆಸಿ ಎರಡರ ಗುಣ ಒಟ್ಟುಗೂಡಿದರೆ ಅದು ಆವಿಷ್ಕಾರವಲ್ಲ. ಕೂಡಿದ್ದಕ್ಕಿಂತ ಜಾಸ್ತಿ ಏನಾದರೂ ಆಗಬೇಕು.

ಕೋಷ್ಟಕದಲ್ಲಿ ಮಿಶ್ರಣದ ಪಕ್ಕ ಎದ್ದು ಕಾಣುತ್ತಿದ್ದದ್ದು ಬರೀ ನೀರು ಹೊಡೆದ ತಾಕು. ನೀರಿನ ಎದುರು ಯಾವ ಔಷಧಿಯೂ ಗೆಲ್ಲುತ್ತದೆ, ಅಲ್ವಾ? ನಾನು ಆ ಸಾಲು ಬಿಟ್ಟು 1967ರಲ್ಲಿ ಕೋಲ್ಬಿ ಎಂಬ ವಿಜ್ಞಾನಿ ಕೊಟ್ಟ ಲೆಕ್ಕ ಹಿಡಿದೆ; ಎರಡು ಔಷಧಿ ಬೆರೆಸಿದಾಗ ಎಷ್ಟು ಫಲ ನಿರೀಕ್ಷಿಸಬೇಕು ಎಂದು ಅದು ಹೇಳುತ್ತದೆ. ಅಸಲಿ ಅಂಕಿ ಹೇಳುವಂತಿಲ್ಲ, ಉದಾಹರಣೆ ಕೊಡುತ್ತೇನೆ. ಒಂದು ಔಷಧಿ ನೂರರಲ್ಲಿ 60 ಪಾಲು ರೋಗ ತಡೆಯುತ್ತದೆ, 40 ಉಳಿಯಿತು. ಇನ್ನೊಂದು ಅರ್ಧ ತಡೆಯುವಂಥದ್ದು, ಉಳಿದ 40ರಲ್ಲಿ 20 ತಡೆಯುತ್ತದೆ. ಅಂದರೆ ಯಾವ ಚಮತ್ಕಾರವೂ ಇಲ್ಲದೆ 80 ಬರಬೇಕು. ಮಿಶ್ರಣ 83 ಕೊಟ್ಟರೆ ನಾನು ಕುಣಿಯುವುದಿಲ್ಲ. ಒಂದೇ ಔಷಧಿ ಹೊಡೆದ ಎರಡು ತಾಕುಗಳ ನಡುವೆಯೇ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದುಂಟು.

ಆದರೆ ಇಲ್ಲಿ ಅಂತರ ದೊಡ್ಡದಿತ್ತು. ಅದಕ್ಕೇ ಪ್ರಮಾಣದ ಕಾಲಂಗೆ ಹೋದೆ. ಕೆಲವು ಸಾಲುಗಳಲ್ಲಿ ಒಂಟಿಯಾಗಿ ಹೊಡೆದ ಮ್ಯಾಂಕೋಜೆಬ್, ಮಿಶ್ರಣದಲ್ಲಿದ್ದದ್ದಕ್ಕಿಂತ ಕಡಿಮೆ! ಒಂಟಿ ಔಷಧಿಯನ್ನು ಹಾಗೆ ಸೊರಗಿಸಿದರೆ ನಿರೀಕ್ಷೆಯ ಅಂಕಿ ಇಳಿಯುತ್ತದೆ, ಮಿಶ್ರಣ ತಾನಾಗಿ ಮೇಲೆ ಕಾಣುತ್ತದೆ. ಆ ಸಾಲುಗಳನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಒಂದು ಅನುಪಾತದಲ್ಲಿ ಮಾತ್ರ ಪ್ರಮಾಣ ಸರಿಯಿತ್ತು, ಮರುಪ್ರಯೋಗಗಳೂ ಒಂದಕ್ಕೊಂದು ಹೊಂದುತ್ತಿದ್ದವು. ಅಲ್ಲಿ ನಿಜವಾಗಿಯೂ ಎರಡೂ ಕೂಡಿ ಹೆಚ್ಚಿನ ಕೆಲಸ ಮಾಡಿದ್ದವು. ಪೇಟೆಂಟ್ ಕೇಳಿದ್ದು ಮಾತ್ರ ಬಹಳ ಅಗಲವಾದ ಅನುಪಾತಗಳಿಗೆ. ಅವುಗಳ ಎರಡು ತುದಿಯಲ್ಲೂ ಒಂದೂ ಪ್ರಯೋಗವಿಲ್ಲ. ಒಂದು ಔಷಧಿ ಚೂರೇ ಇರುವ ಕಡೆಗೂ ಅದೇ ಫಲ ಬರುತ್ತದೆ ಎನ್ನಲು ಆಧಾರವೇ ಇರಲಿಲ್ಲ. ನನ್ನ ಮಟ್ಟಿಗೆ ತಕರಾರಿನ ಗಟ್ಟಿ ಅಂಶ ಇದೇ.

ಆ ಒಂದು ಅನುಪಾತ ಗೆದ್ದದ್ದನ್ನೂ ಅಫಿಡವಿಟ್‌ನಲ್ಲಿ ಬರೆದೆ. ‘ಅದು ಬೇಕೇನ್ರೀ ಸರ್?’ ಎಂದರು ವಕೀಲರು. ಎದುರಿನ ತಜ್ಞರೂ ಇದೇ ಕೋಷ್ಟಕ ಓದುತ್ತಾರೆ ಎಂದೆ. ಸಾಲು ಉಳಿಯಿತು, ಅದರ ಕೆಳಗೆ ತುದಿಗಳ ಮಾತು ಸೇರಿಸಿ ಸಹಿ ಹಾಕಿದೆ.