ಉದುರಿದ ಎಲೆಗಳಿಂದ ಬಾಗಿಲಿಗೊಂದು ದುಂಡುಹಾರ

ಶರತ್ಕಾಲದಲ್ಲಿ ಬಾಗಿಲಿಗೆ ತೂಗುಹಾಕಲೆಂದು ನಾನು ಮೊದಲ ಸಲ ಮಾಡಿದ ಎಲೆಗಳ ದುಂಡುಹಾರ ಎಂಟು ದಿನವೂ ಉಳಿಯಲಿಲ್ಲ. ಬೆಳಿಗ್ಗೆ ಮರದಡಿಯಿಂದ ಆರಿಸಿ ತಂದ ಕೆಂಪು, ಹಳದಿ ಎಲೆಗಳನ್ನು ಮಧ್ಯಾಹ್ನವೇ ರಟ್ಟಿನ ಬಳೆಗೆ ಅಂಟಿಸಿ, ಸಂಜೆ ಅದನ್ನು ಬಾಗಿಲಲ್ಲಿ ನೋಡಿ ಬಹಳ ಸಂತೋಷಪಟ್ಟಿದ್ದೆ. ಮೂರನೆಯ ದಿನದಿಂದ ಎಲೆಗಳ ಅಂಚು ಸುರುಟಿಕೊಳ್ಳತೊಡಗಿತು. ವಾರ ಮುಗಿಯುವಷ್ಟರಲ್ಲಿ ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಹೊಸ್ತಿಲ ಮೇಲೆ ಎಲೆಯ ಪುಡಿ ಬೀಳುತ್ತಿತ್ತು. ಹಾರ ಕಟ್ಟುವುದಕ್ಕೆ ಒಂದು ಮಧ್ಯಾಹ್ನ ಸಾಕಾದರೂ ಎಲೆಗಳನ್ನು ಅದಕ್ಕೆ ಸಿದ್ಧಪಡಿಸುವುದಕ್ಕೆ ಒಂದು ವಾರ ಬೇಕೆಂಬುದು ನನಗೆ ತಿಳಿದದ್ದು ಹೀಗೆ.

ಚಳಿ ಹತ್ತಿರವಾದಂತೆ ಎಲೆಯಲ್ಲಿನ ಹಸಿರು ವಸ್ತುವಾದ ಕ್ಲೋರೋಫಿಲ್ ಕರಗಿ, ಮೊದಲಿನಿಂದಲೂ ಅದರ ಮರೆಯಲ್ಲಿದ್ದ ಹಳದಿ ಬಣ್ಣ ಹೊರಗೆ ಕಾಣುತ್ತದೆ. ಕೆಂಪು ಬಣ್ಣ ಮಾತ್ರ ಹಲವು ಮರಗಳಲ್ಲಿ ಆ ದಿನಗಳಲ್ಲೇ ಹೊಸದಾಗಿ ಹುಟ್ಟುತ್ತದೆ. ಬಣ್ಣ ತುಂಬಿ ಬಂದರೂ ಎಲೆಯೊಳಗಿನ ತೇವ ಇನ್ನೂ ಆರಿರುವುದಿಲ್ಲ. ಆ ತೇವ ಎಲ್ಲ ಕಡೆಯೂ ಒಂದೇ ಸಮನೆ ಆರದ ಕಾರಣ ಎಲೆ ಸೊಟ್ಟಗಾಗುತ್ತದೆ. ಆದ್ದರಿಂದ ಈಗ ನಾನು ನೆಲಕ್ಕೆ ಬಿದ್ದು ಒಂದೆರಡು ದಿನವಷ್ಟೇ ಆದ, ಮಡಚಿದರೆ ಮುರಿಯದ ಎಲೆಗಳನ್ನು ಮಾತ್ರ ಆರಿಸುತ್ತೇನೆ. ಕಪ್ಪು ಚುಕ್ಕೆಯಿರುವ, ಹುಳು ಕೊರೆದ ಎಲೆಗಳು ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡುತ್ತೇನೆ. ತೊಟ್ಟು ಉದ್ದವಾಗಿದ್ದಷ್ಟೂ ಒಳ್ಳೆಯದು, ಏಕೆಂದರೆ ಕಟ್ಟುವಾಗ ಹುರಿ ಹಿಡಿಯುವುದು ತೊಟ್ಟನ್ನೇ.

ಎಲೆಗಳನ್ನು ನಾನು ಎರಡು ಪಾಲು ಮಾಡುತ್ತೇನೆ. ಅಗಲವಾದವುಗಳನ್ನು ಹಳೆಯ ವೃತ್ತಪತ್ರಿಕೆಗಳ ನಡುವೆ ಒಂದಕ್ಕೊಂದು ತಾಗದಂತೆ ಹರಡಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ಒಂದು ವಾರ ಇಡುತ್ತೇನೆ. ಮೊದಲ ಎರಡು ದಿನ ಕಾಗದವನ್ನು ಬದಲಿಸದಿದ್ದರೆ ಅದು ಹೀರಿದ ತೇವವೇ ಎಲೆಗೆ ಬೂಸ್ಟು ಹಿಡಿಸುತ್ತದೆ. ಗೊಂಚಲು ಕಟ್ಟಬೇಕಾದ ಸಣ್ಣ ಎಲೆಗಳಿಗೆ ಗ್ಲಿಸರಿನ್ ಬೇಕು. ಒಂದು ಪಾಲು ಗ್ಲಿಸರಿನ್‌ಗೆ ಎರಡು ಪಾಲು ನೀರು ಬೆರೆಸಿ ಅಗಲವಾದ ತಟ್ಟೆಗೆ ಸುರಿದು, ಎಲೆಗಳನ್ನು ಅದರಲ್ಲಿ ಮುಳುಗಿಸಿ, ತೇಲದಂತೆ ಮೇಲೊಂದು ತಟ್ಟೆಯನ್ನು ಒತ್ತಿಟ್ಟರೆ ಮೂರರಿಂದ ಐದು ದಿನಗಳಲ್ಲಿ ಎಲೆ ಬಟ್ಟೆಯಂತೆ ಮೆತ್ತಗಾಗುತ್ತದೆ. ನೀರು ಆರಿಹೋದ ಮೇಲೂ ಗ್ಲಿಸರಿನ್ ಎಲೆಯೊಳಗೆ ಉಳಿಯುವುದರಿಂದ ಅದು ಬೇಗ ಪುಡಿಯಾಗುವುದಿಲ್ಲ. ಬಣ್ಣ ತುಸು ಗಾಢವಾಗುತ್ತದೆ. ನನಗೆ ಅದು ಹಿಡಿಸಿದೆ. ಈ ಇಡೀ ಕೆಲಸದಲ್ಲಿ ದುಡ್ಡು ಕೊಟ್ಟು ತರಬೇಕಾದದ್ದು ಬಹುಮಟ್ಟಿಗೆ ಗ್ಲಿಸರಿನ್ ಮತ್ತು ಹುರಿ ಮಾತ್ರ, ಉಳಿದದ್ದೆಲ್ಲ ಮರದಡಿಯಲ್ಲೋ ಮನೆಯ ಮೂಲೆಯಲ್ಲೋ ಸಿಗುತ್ತದೆ.

ಬಳೆಗೆ ಯಾವುದಾದರೂ ದಪ್ಪ ರಟ್ಟಿನ ಪೆಟ್ಟಿಗೆ ಸಾಕು. ಹೊರಗಿನ ವ್ಯಾಸ 36 ಸೆಂ.ಮೀ., ಒಳಗಿನದು 22 ಸೆಂ.ಮೀ. ಬರುವಂತೆ ಎರಡು ಬಳೆಗಳನ್ನು ಕತ್ತರಿಸಿ, ರಟ್ಟಿನ ಗೆರೆಗಳು ಅಡ್ಡಡ್ಡವಾಗುವಂತೆ ಒಂದರ ಮೇಲೊಂದು ಅಂಟಿಸಿದರೆ ಬಳೆ ಬಾಗುವುದಿಲ್ಲ. ಅದರ ಮೇಲೆ ವೃತ್ತಪತ್ರಿಕೆಯನ್ನು ಸುರುಳಿಯಾಗಿ ಸುತ್ತಿ ದುಂಡಗೆ ಉಬ್ಬಿಸಿ, ಕೊನೆಗೆ ಸೆಣಬಿನ ಹುರಿಯನ್ನು ಒತ್ತೊತ್ತಾಗಿ ಸುತ್ತುತ್ತೇನೆ. ಈ ಉಬ್ಬು ಇಲ್ಲದಿದ್ದರೆ ಎಷ್ಟು ಎಲೆ ಹಾಕಿದರೂ ಹಾರ ಚಪ್ಪಟೆಯಾಗಿಯೇ ಕಾಣುತ್ತದೆ.

ಅಗಲ ಎಲೆಗಳನ್ನು ಮೊದಲು ಬಳೆಯ ಸುತ್ತಲೂ, ತುದಿ ಹೊರಗೆ ಚಾಚುವಂತೆ, ಹುರಿಯ ಸಂದಿಗಳಲ್ಲಿ ತೊಟ್ಟು ಸಿಕ್ಕಿಸಿ ಕೂರಿಸುತ್ತೇನೆ. ಬಳಿಕ ಸಣ್ಣ ಎಲೆಗಳನ್ನು ಐದಾರರಂತೆ ಗೊಂಚಲು ಕಟ್ಟಿ, ಒಂದು ಗೊಂಚಲಿನ ತೊಟ್ಟುಗಳನ್ನು ಮುಂದಿನ ಗೊಂಚಲಿನ ಎಲೆಗಳು ಮುಚ್ಚುವಂತೆ ಒಂದೇ ದಿಕ್ಕಿಗೆ ಕಟ್ಟುತ್ತಾ ಹೋಗುತ್ತೇನೆ. ನಡುವೆ ಎಲ್ಲಿಯೂ ಹುರಿಯನ್ನು ಕತ್ತರಿಸಬಾರದು, ಸಡಿಲ ಬಿಡಲೂಬಾರದು. ಕೊನೆಯ ಗೊಂಚಲನ್ನು ಮೊದಲನೆಯದರ ಎಲೆಗಳನ್ನು ಎತ್ತಿ ಅದರಡಿಗೆ ತೂರಿಸಿ ಕಟ್ಟುವುದು ಅತ್ಯಂತ ತಾಳ್ಮೆ ಬೇಡುವ ಹಂತ. ಅಲ್ಲಿ ಅವಸರ ಮಾಡಿದರೆ ಹಾರಕ್ಕೊಂದು ಹರಕು ಉಳಿದುಬಿಡುತ್ತದೆ.

ಪೈನ್ ಕಾಯಿಗಳನ್ನು ಬಳಸುವುದಾದರೆ ಅವುಗಳನ್ನು ಸುಮಾರು 95 ಡಿಗ್ರಿ ಸೆಲ್ಸಿಯಸ್‌ನ ಒಲೆಪೆಟ್ಟಿಗೆಯಲ್ಲಿ (ಓವನ್) ಅರ್ಧ ಗಂಟೆ ಒಣಗಿಸಬೇಕು, ಮತ್ತು ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು. ಒಳಗಿನ ಹುಳುಗಳು ಸಾಯುವುದಲ್ಲದೆ, ತೇವದಿಂದ ಮುಚ್ಚಿಕೊಂಡಿದ್ದ ಪದರಗಳೂ ಅರಳುತ್ತವೆ. ಸುತ್ತಲೂ ಸಮದೂರದಲ್ಲಿ ಕಾಯಿಗಳನ್ನಿಟ್ಟಾಗ ನನ್ನ ಹಾರ ಗಡಿಯಾರದ ಮುಖದಂತೆ ಕಂಡಿತ್ತು. ಈಗ ಕೆಳಗಿನ ಎಡಭಾಗದಲ್ಲಿ ಮಾತ್ರ ಮೂರು ಕಾಯಿಗಳನ್ನು ಒತ್ತಟ್ಟಿಗೆ ತಂತಿಯಿಂದ ಬಿಗಿಯುತ್ತೇನೆ.

ನೇರ ಬಿಸಿಲು ಬೀಳುವ ಬಾಗಿಲಲ್ಲಿ ಕೆಂಪು ಬಣ್ಣ ಬೇಗ ಮಾಸುತ್ತದೆ, ಮಳೆಯ ಎರಚಲು ತಾಗಿದರೆ ರಟ್ಟು ಉಬ್ಬುತ್ತದೆ. ಹಾಗಾಗಿ ನಾನು ಒಳಬಾಗಿಲಿಗೇ ತೂಗುಹಾಕುತ್ತೇನೆ. ಬಳೆಯ ಮೇಲಿನ ಎಲೆಗಳಿಗೆ ಅಂಟು ಬಳಸದ ಕಾರಣ ಋತು ಮುಗಿದ ಮೇಲೆ ಹುರಿಯನ್ನು ಬಿಚ್ಚಿ, ಎಲೆಗಳನ್ನು ತೆಗೆದು, ಬಳೆಯನ್ನು ಒಣಗಿದ ಜಾಗದಲ್ಲಿ ಎತ್ತಿಡಬಹುದು. ಈ ಸಲ ನಮ್ಮ ಬಾಗಿಲಲ್ಲಿರುವುದು ಒಂದೇ ಬಳೆಯ ಮೇಲೆ ಕಟ್ಟಿದ ಮೂರನೆಯ ಹಾರ.