ಹಳೇ ಸ್ಪೋರ್ಟ್ ಬೋಟಿಗೆ ಹೊಸ ಇಂಜಿನ್: ನಾನು ಆರಿಸಿದ ಬಗೆ

ಸುರಪುರದಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿ ಹೊಟ್ಟೆಪಾಡಿಗೆ, ಬೋಟ್ ಇಂಜಿನ್ ಹುಚ್ಚಿಗೆ. ಕಾಕಾನೂ ನಾನೂ ಪಾಲಿನಲ್ಲಿ 17 ಅಡಿಯ ಫೈಬರ್ ಸ್ಪೋರ್ಟ್ ಬೋಟ್ ಒಂದನ್ನು ಇಟ್ಟುಕೊಂಡಿದ್ದೇವೆ. 1990ರ ದಶಕದ್ದು, ಹೈದರಾಬಾದ್ ಕಡೆಯಿಂದ ಕೊಂಡದ್ದು. ಅದಕ್ಕೆ 60 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗೆ ತೂಗುವ ಇಂಜಿನ್ ಇತ್ತು. ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ ಅನುಮತಿ ತಗೊಂಡು ಓಡಿಸುತ್ತೇವೆ. ಆ ಇಂಜಿನ್ ಮುಗಿದ ಮೇಲೆ ಹೊಸದನ್ನು ಹೇಗೆ ಆರಿಸಿದೆ ಅನ್ನೋದು ಈ ಬರಹ. ಮಲ್ಪೆ, ಕಾರವಾರದಲ್ಲಿ ಇದು ದಿನದ ಮಾತು. ನಮ್ಮ ಯಾದಗಿರಿ ಕಡೆ ಕೇಳೋಣ ಅಂದರೆ ಯಾರೂ ಸಿಗಲ್ಲ.

ಇಂಜಿನ್ ನಿಜವಾಗಲೂ ಮುಗಿದಿದೆಯಾ ಅಂತ ಮೊದಲು ನೋಡಿದೆ. ಮೂರೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರ್‌ಗೆ ಕಂಪ್ರೆಷನ್ ಗೇಜ್ ಹಚ್ಚಿ ಸೆಲ್ಫ್ ಹೊಡೆದೆ. ಎರಡರಲ್ಲಿ ಒತ್ತಡ 120 ಪಿಎಸ್‌ಐ ಆಸುಪಾಸು ಬಂತು, ಮೂರನೆಯದರಲ್ಲಿ 70. ಸಿಲಿಂಡರ್‌ಗಳ ನಡುವೆ ಶೇ 10ರಷ್ಟು ಫರಕು ನಡೆಯುತ್ತದೆ, ಇಷ್ಟು ನಡೆಯಲ್ಲ. ಹೆಡ್ ಬಿಚ್ಚಿದರೆ ಬೋರ್ (ಸಿಲಿಂಡರಿನ ಒಳಗೋಡೆ) ತುಂಬ ಉದ್ದುದ್ದ ಗೀರು, ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿತ್ತು. ಕಾರಣ ಕೆಳಗೆ, ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್‌ನಲ್ಲಿತ್ತು, ಅಂದರೆ ನೀರು ತಳ್ಳುವ ರೆಕ್ಕೆಚಕ್ರದಲ್ಲಿ. ಔಟ್‌ಬೋರ್ಡ್‌ಗೆ ರೇಡಿಯೇಟರ್ ಇಲ್ಲ. ಹೊಳೆಯ ನೀರನ್ನೇ ಎಳೆದು ಇಂಜಿನ್ ತಣ್ಣಗಿಟ್ಟುಕೊಳ್ಳುತ್ತದೆ. ನಮಗೆ ಬರುವ ಮೊದಲು ಆ ಇಂಜಿನ್ ವರ್ಷಗಟ್ಟಲೆ ಶೆಡ್ಡಿನಲ್ಲಿ ಒಣಗಿ ನಿಂತಿತ್ತು. ರೆಕ್ಕೆಗಳು ಬಾಗಿದಂಗೇ ಗಟ್ಟಿಯಾಗಿದ್ದವು, ಜತೆಗೆ ಮಳೆಗಾಲದಲ್ಲಿ ಕೃಷ್ಣೆ ಹೊತ್ತು ತರುವ ಹೂಳು ತುದಿಗಳನ್ನು ಸವೆಸಿತ್ತು.

ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಬಹುದಿತ್ತು. ಆದರೆ ಆ ಮಾಡೆಲ್‌ನ ಪಿಸ್ಟನ್, ರಿಂಗು, ಗ್ಯಾಸ್ಕೆಟ್ ಎಲ್ಲೂ ಸಿಗಲಿಲ್ಲ. ಟ್ರ್ಯಾಕ್ಟರಿನಲ್ಲಿ ಮಾಡಿದಂಗೆ ಯಾವುದೋ ಪಿಸ್ಟನ್ ತಂದು ಹೊಂದಿಸೋಕೆ ಟೂ ಸ್ಟ್ರೋಕ್‌ನಲ್ಲಿ ಆಗಲ್ಲ. ಪೋರ್ಟಿನ (ಸಿಲಿಂಡರ್ ಗೋಡೆಯ ಕಿಂಡಿಯ) ಎತ್ತರ, ರಿಂಗಿನ ಪಿನ್ ಇರುವ ಜಾಗ ಎಲ್ಲಾ ಕರೆಕ್ಟ್ ಇರಬೇಕು. ಔಟ್‌ಬೋರ್ಡ್ ಲೋಕದಲ್ಲಿ ಹೆಸರು ದೊಡ್ಡದಿದ್ದರೆ ಸಾಮಾನು ಸಿಕ್ಕೇ ಸಿಗುತ್ತದೆ ಅಂತೇನೂ ಇಲ್ಲ. ಇವಿನ್‌ರೂಡ್‌ನಷ್ಟು ಹಳೇ ಹೆಸರಿನ ಇಂಜಿನ್ ತಯಾರಿಕೆಯೇ 2020ರಲ್ಲಿ ನಿಂತಿತು.

ಸುದ್ದಿ ಊರಲ್ಲಿ ಹರಡಿತು. ಸಲಹೆ ಕೊಡೋಕೆ ಜನ ಬಂದೇ ಬಂದರು. “ಏನ್ರೀ ಅಣ್ಣಾರ, ಹಳೇ ಮಾರುತಿ ಇಂಜಿನ್ ಕೂಡಸ್ರಿ, ಸಸ್ತಾದಾಗ ಆಗ್ತದ” ಅಂದವರು ಒಬ್ಬಿಬ್ಬರಲ್ಲ. ಕೈಯಲ್ಲಿ ಗ್ಯಾರೇಜ್ ಇದ್ದವನಿಗೆ ಇದು ಆಸೆ ಹುಟ್ಟಿಸುವ ಮಾತೇ. ಆದರೆ ಕಾರಿಗೆ ಇಳಿಜಾರು ಸಿಗುತ್ತದೆ, ಕಾಲು ತೆಗೆದರೆ ಉರುಳುತ್ತದೆ. ಬೋಟಿನ ಇಂಜಿನ್‌ಗೆ ನೀರು ಒಂದು ಕ್ಷಣವೂ ಬಿಡುವು ಕೊಡಲ್ಲ. ಅದಕ್ಕಿಂತ ಹೆದರಿಕೆಯ ವಿಷಯ ಪೆಟ್ರೋಲ್ ಆವಿ. ಅದು ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತುಬಿಡುತ್ತದೆ. ಕಾರಿನಲ್ಲಾದರೆ ಕೆಳಗೆ ರಸ್ತೆಗೆ ಹರಿದು ಹೋಗುತ್ತದೆ. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ಕಿಡಿ ಹಾರಿಸುತ್ತವೆ. ಒಳಗೆ ಕೂರುವ ಮೆರೈನ್ ಇಂಜಿನ್‌ಗಳಲ್ಲಿ ಕಿಡಿ ಹೊರಗೆ ಬರದಂತೆ ಮಾಡಿದ ಭಾಗಗಳಿರುತ್ತವೆ, ಆವಿ ಹೊರಹಾಕುವ ಬ್ಲೋವರ್ ಇರುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಬೋಟಿನಲ್ಲಿ ಈ ಆಟ ಬೇಡ ಅಂದುಬಿಟ್ಟೆ.

ಬಂದರುಗಳ ಕಡೆಯಿಂದ ಸೆಕೆಂಡ್ ಹ್ಯಾಂಡ್ ಇಂಜಿನ್‌ಗಳೂ ಬರುತ್ತವೆ. ಹೊರಗೆ ಬಣ್ಣ ಹೊಡೆದು ಮದುಮಗನಂತೆ ನಿಲ್ಲಿಸಿರುತ್ತಾರೆ. ಉಪ್ಪುನೀರಲ್ಲಿ ಓಡಿದ ಇಂಜಿನ್‌ನ ನೀರಿನ ದಾರಿಗಳಲ್ಲಿ ಉಪ್ಪು ಕಟ್ಟಿರುತ್ತದೆ. ಬೋಲ್ಟ್ ಬಿಚ್ಚಲು ಹೋದರೆ ತಲೆ ಮುರಿದು ಕೈಗೆ ಬರುತ್ತದೆ. ಒಂದನ್ನು ನೋಡಿ ಬಂದೆ. ಗೇರ್ ಆಯಿಲ್ ಸ್ಕ್ರೂ ಸಡಿಲಿಸಿದರೆ ಹಾಲಿನ ಬಣ್ಣದ ಆಯಿಲ್ ಇಳಿಯಿತು. ನೀರು ಒಳಗೆ ಹೋಗಿದೆ ಅಂತ ಅರ್ಥ. ಅಲ್ಲಿಗೆ ಆ ದಾರಿ ಮುಗಿಯಿತು.

ಎಲೆಕ್ಟ್ರಿಕ್ ಬಗ್ಗೆಯೂ ಕೇಳುತ್ತಾರೆ. 60 ಎಚ್‌ಪಿ ಅಂದರೆ ಸುಮಾರು 45 ಕಿಲೋವ್ಯಾಟ್. ಪೂರ್ತಿ ಥ್ರಾಟಲ್‌ನಲ್ಲಿ ಒಂದು ತಾಸು ಓಡಿಸುವಷ್ಟು ಲಿಥಿಯಂ ಬ್ಯಾಟರಿ 300 ಕೆಜಿ ಹತ್ತಿರ ತೂಗುತ್ತದೆ. ನಿಧಾನದ ಮೀನು ದೋಣಿಗೆ ಸರಿ, ನಮಗಲ್ಲ.

ಇಷ್ಟೆಲ್ಲಾ ಇಂಜಿನ್ ಮಾತು. ಇನ್ನು ಬೋಟಿನ ಮಾತಿಗೆ ಬರುತ್ತೇನೆ, ಯಾಕಂದರೆ ಹೊಸ ಇಂಜಿನ್ ಕೊಳ್ಳುವವರು ಜಾಸ್ತಿ ಹೊತ್ತು ಕೊಡಬೇಕಾದದ್ದು ಇಲ್ಲಿಗೇ.

ಇಂಜಿನ್ ತೂಗಿ ನಿಲ್ಲುವ ಹಿಂದಿನ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಹಳೇ ಫೈಬರ್ ಬೋಟ್‌ಗಳಲ್ಲಿ ಇದರ ಹೊಟ್ಟೆಯಲ್ಲಿ ಪ್ಲೈವುಡ್ ಇರುತ್ತದೆ. ಹೊರಗೆ ಹೊಳೆಯುವ ಫೈಬರ್, ಒಳಗೆ ಕೊಳೆತ ಮರ, ನೋಡಿದರೆ ಗೊತ್ತೇ ಆಗಲ್ಲ. ಸಣ್ಣ ಸುತ್ತಿಗೆಯ ಹಿಡಿಕೆಯಿಂದ ಉದ್ದಕ್ಕೂ ತಟ್ಟುತ್ತಾ ಬಂದೆ. ಮೇಲ್ಭಾಗದಲ್ಲಿ ಟಣ್ ಟಣ್ ಅಂತಿತ್ತು. ಹಳೇ ಬೋಲ್ಟ್ ತೂತುಗಳ ಸುತ್ತ ದಬ್ ದಬ್. ಒಳಗಿನ ಮಗ್ಗುಲಿಂದ ಸಣ್ಣ ಡ್ರಿಲ್ ಬಿಟ್ ಹಾಕಿದೆ. ಒಳ್ಳೆ ಮರವಾದರೆ ಒಣ, ತಿಳಿ ಬಣ್ಣದ ಹೊಟ್ಟು ಬರಬೇಕು. ಬಂದದ್ದು ಕಂದು ಬಣ್ಣದ ಒದ್ದೆ ಹಿಟ್ಟು, ಬೆರಳಲ್ಲಿ ಒತ್ತಿದರೆ ಉಂಡೆಯಾಗುತ್ತಿತ್ತು, ಮೂಗಿಗೆ ಹಿಡಿದರೆ ಹಳೇ ಗೋಣಿಚೀಲದ ವಾಸನೆ. ಬೋಲ್ಟ್ ತೂತಿನ ಸೀಲೆಂಟ್ ಬಿಟ್ಟು ವರ್ಷಗಟ್ಟಲೆ ನೀರು ಇಳಿದಿತ್ತು.

ಒಳಗಿನ ಫೈಬರ್ ಪದರವನ್ನು ಗ್ರೈಂಡರ್‌ನಿಂದ ಕೊಯ್ದು, ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು ತೆಗೆದೆವು. ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಕಲಬುರಗಿಯಲ್ಲಿ ಸಿಕ್ಕಿತು. ನಮ್ಮ ಬಡಿಗೇರ್ ಮಾಮಾ ಹಳೇ ಹಲಗೆಯ ಅಳತೆಗೇ ಕೊಯ್ದು ಕೊಟ್ಟರು. ಎರಡು ಹಲಗೆ ಎಪಾಕ್ಸಿ ರೆಸಿನ್‌ನಿಂದ ಅಂಟಿಸಿ, ಮೇಲೆ ಗ್ಲಾಸ್ ಮ್ಯಾಟ್ ಹಾಕಿ, ಅಂಚುಗಳನ್ನು ಬೋಟಿನ ಪಕ್ಕಗೋಡೆಗೆ ಹಬ್ಬಿಸಿ ಕಟ್ಟಿದೆವು. ಬೇಸಿಗೆಯಲ್ಲಿ ನಮ್ಮಲ್ಲಿ ರೆಸಿನ್ ಬೇಗ ಕಾಯುತ್ತದೆ. ನಡು ಮಧ್ಯಾಹ್ನ ಕಲಸಿದರೆ ಡಬ್ಬಿಯಲ್ಲೇ ಗಟ್ಟಿಯಾಗಿ ಹೊಗೆ ಬರುತ್ತದೆ, ಹಾಗಾಗಿ ಈ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಂಡೆವು.

ಟ್ರಾನ್ಸಮ್ ಗಟ್ಟಿಯಾದ ಮೇಲೆ ತೂಕದ ಪ್ರಶ್ನೆ. ಹಳೇ ಇಂಜಿನ್ನನ್ನು ಹತ್ತಿ ತೂಗುವ ಕಾಟಾದ ಮೇಲೆ ಇಟ್ಟೆವು. 98 ಕೆಜಿ. ಈಗಿನ 60 ಎಚ್‌ಪಿ ಫೋರ್ ಸ್ಟ್ರೋಕ್‌ಗಳಲ್ಲಿ ಸುಜುಕಿಯದು 104 ಕೆಜಿ, ಯಮಹಾ, ಮರ್ಕ್ಯುರಿ 110ರ ಮೇಲೆ. ಕಾಕಾನ ಕಣ್ಣು ಮಾತ್ರ 75ರ ಮೇಲೆ. “ಪ್ಲೇಟಿನ ಮ್ಯಾಗ 75 ಅಂತ ಬರದಾರ, ನೀ ಯಾಕ 60 ಹಚ್ಚತಿ?” ಅಂದ. ಬೋಟ್ ಕಂಪನಿ ಹಚ್ಚಿದ ಪ್ಲೇಟಿನಲ್ಲಿ ಗರಿಷ್ಠ 75 ಎಚ್‌ಪಿ ಅಂತ ಇರೋದು ನಿಜ. “ಆ ಪ್ಲೇಟ್ ಹಚ್ಚಿದಾಗ 75ರ ಇಂಜಿನ್ ಇಷ್ಟು ಭಾರ ಇದ್ದಿಲ್ಲ ಕಾಕಾ” ಅಂದೆ. ಅದು ಟೂ ಸ್ಟ್ರೋಕ್ ಕಾಲದ ಪ್ಲೇಟು. ಇವತ್ತು 75ರ ಫೋರ್ ಸ್ಟ್ರೋಕ್ 150 ಕೆಜಿ ದಾಟುತ್ತದೆ. ಅಂದರೆ ಹಿಂದಿನ ಸೀಟಿನಾಚೆ ಇನ್ನೊಬ್ಬ ಆಳನ್ನು ಕಾಯಂ ಕೂರಿಸಿದಂಗೆ.

ಬಾಯಿ ಮಾತಿಗೆ ಕಾಕಾ ಒಪ್ಪೋನಲ್ಲ. ಇಂಜಿನ್ ಇಲ್ಲದ ಬೋಟನ್ನು ದಂಡೆಯ ಪಕ್ಕ ನೀರಿಗೆ ಬಿಟ್ಟು, ಗೊಬ್ಬರದ ಖಾಲಿ ಚೀಲಗಳಲ್ಲಿ ಮರಳು ತುಂಬಿ ತೂಗಿ, ಟ್ರಾನ್ಸಮ್‌ಗೆ ಒತ್ತಿ ಇಟ್ಟೆವು. ಇಂಜಿನ್ ಗೋಡೆಯ ಆಚೆ ತೂಗುವುದರಿಂದ 15 ಕೆಜಿ ಜಾಸ್ತಿಯೇ ಹಾಕಿದೆ. ಮೂರು ಜನ ಕೂತರು. 115 ಕೆಜಿ ಲೆಕ್ಕಕ್ಕೆ ಹಿಂದಿನ ನೀರು ಬಸಿಯುವ ತೂತುಗಳು ನೀರಿನ ಮೇಲೆ ನಾಲ್ಕು ಬೆರಳು ಉಳಿದವು. ಇನ್ನೊಂದು ಚೀಲ ಸೇರಿಸಿದರೆ ತೂತಿನಿಂದ ನೀರು ಒಳಗೆ ಬರತೊಡಗಿತು. ಕಾಕಾ ಅದನ್ನು ನೋಡಿ 75ರ ಮಾತು ಬಿಟ್ಟ.

ಹಾಗಾದರೆ 40 ಸಾಕಾ? ಬೋಟು, ಇಂಜಿನ್, ಪೆಟ್ರೋಲ್, ಐದು ಜನ ಸೇರಿ ಹತ್ತಿರ ಹತ್ತಿರ 950 ಕೆಜಿ. 60ರಲ್ಲಿ ಒಂದು ಎಚ್‌ಪಿಗೆ 16 ಕೆಜಿ ಬೀಳುತ್ತದೆ, 40ರಲ್ಲಿ 24. ಸ್ಪೋರ್ಟ್ ಬೋಟ್ ನೀರನ್ನು ಸೀಳಿಕೊಂಡು ಹೋಗಬಾರದು, ಮೇಲೆದ್ದು ಜಾರಬೇಕು. 24 ಕೆಜಿ ಹೊರೆಯಲ್ಲಿ ಮೂಗು ಮೇಲೆತ್ತಿಕೊಂಡು ತೇಕುತ್ತದೆ, ಪೆಟ್ರೋಲ್ ಕುಡಿಯುತ್ತದೆ. ನಮ್ಮ ಜಾಗದ ಲೆಕ್ಕವೂ ಇದೆ. ಬಸವಸಾಗರ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 492 ಮೀಟರ್ ಮೇಲೆ. ಪ್ರತಿ 300 ಮೀಟರಿಗೆ ಇಂಜಿನ್ ಸುಮಾರು ಶೇ 3 ಶಕ್ತಿ ಕಳೆದುಕೊಳ್ಳುತ್ತದೆ. ಮೇಲಿಂದ ಮೇ ತಿಂಗಳ 42 ಡಿಗ್ರಿ ಬಿಸಿಲು, ತೆಳುವಾದ ಗಾಳಿ. ನಮ್ಮ ಬೇಸಿಗೆಯಲ್ಲಿ 60ರ ಇಂಜಿನ್‌ನಿಂದ 55 ಸಿಕ್ಕರೆ ಪುಣ್ಯ. ಕರಾವಳಿಯವರ “40 ಸಾಕು” ಅನ್ನೋ ಮಾತನ್ನು ಇಲ್ಲಿಗೆ ಹಾಗೇ ತರೋಕಾಗಲ್ಲ.

ಹೊಸ ಟೂ ಸ್ಟ್ರೋಕ್ ಕೊಂಡಿದ್ದರೆ ಹಗುರ, ಅಗ್ಗ, ನನ್ನಂಥವನಿಗೆ ರಿಪೇರಿ ಸುಲಭ. ಕೈ ಅದರ ಕಡೆಗೇ ಹೋಗಿತ್ತು. ಆದರೆ ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್ ಔಟ್‌ಬೋರ್ಡ್ ತಾನು ತಗೊಂಡ ಪೆಟ್ರೋಲ್‌ನಲ್ಲಿ ಶೇ 20ರಿಂದ 30ರಷ್ಟನ್ನು ಸುಡದೇ ಎಕ್ಸಾಸ್ಟ್ ಮೂಲಕ ನೀರಿಗೆ ಉಗುಳುತ್ತದೆ, ಜತೆಗೆ ಆಯಿಲ್. ಈ ನೀರನ್ನೇ ಕಾಲುವೆಯಲ್ಲಿ ಹೊಲಕ್ಕೆ ಬಿಡುತ್ತೇವೆ, ಊರುಗಳು ಕುಡಿಯುತ್ತವೆ. ಹಾಗಾಗಿ ಫ್ಯುಯೆಲ್ ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್ ಅಂತ ಗಟ್ಟಿ ಮಾಡಿದೆ.

ಮೂರೂ ಬ್ರ್ಯಾಂಡ್‌ಗಳು ಒಳ್ಳೆಯವೇ. ತೂಕ ನೋಡಿದರೆ ಸುಜುಕಿ ಗೆಲ್ಲುತ್ತದೆ. ನಾನು ಯಮಹಾ ತಗೊಂಡೆ. ಇಂಪೆಲ್ಲರ್, ಥರ್ಮೋಸ್ಟ್ಯಾಟ್, ಫಿಲ್ಟರ್, ಪ್ರೊಪೆಲ್ಲರ್ ಈ ನಾಲ್ಕೂ ಸ್ಟಾಕ್ ಇದೆಯಾ, ಸಂಜೆ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಸುರಪುರಕ್ಕೆ ಬರುತ್ತದಾ ಅಂತ ಹೈದರಾಬಾದಿಗೂ ಮಂಗಳೂರಿಗೂ ಫೋನ್ ಮಾಡಿ ಕೇಳಿದ್ದೆ. ನನಗೆ ಸಿಕ್ಕ ಅಂಗಡಿಗಳಲ್ಲಿ ಯಮಹಾ ಸಾಮಾನು ಇತ್ತು. ಬೀದರ್ ಕಡೆ ಕಾರಂಜಾ ಜಲಾಶಯದಲ್ಲಿ ಓಡಿಸುವವರಿಗೆ ಬೇರೆ ಉತ್ತರ ಬರಬಹುದು. ಫೋನ್ ಮಾತ್ರ ಇಂಜಿನ್ ಕೊಳ್ಳುವ ಮೊದಲೇ ಮಾಡಬೇಕು.

ಬ್ರ್ಯಾಂಡ್ ಬದಲಾದರೆ ಖರ್ಚು ಇಂಜಿನ್‌ಗೇ ನಿಲ್ಲಲ್ಲ. ಹಳೇ ಗೇರ್-ಥ್ರಾಟಲ್ ಬಾಕ್ಸು, ಕೇಬಲ್, ವೈರಿಂಗ್, ಮೀಟರು ಯಾವುದೂ ಕೂಡಲಿಲ್ಲ. ಇಂಜಿನ್ ಬೆಲೆಯ ಐದನೇ ಒಂದು ಭಾಗದಷ್ಟು ಇದಕ್ಕೇ ಹೋಯಿತು. ಶಾಫ್ಟ್ ಉದ್ದವನ್ನೂ ಅಳೆದೇ ಆರ್ಡರ್ ಮಾಡಬೇಕು. ಟ್ರಾನ್ಸಮ್ ಮೇಲಂಚಿನಿಂದ ತಳದವರೆಗೆ ನಮ್ಮದು 20 ಇಂಚು ಬಂತು, ಅದಕ್ಕೆ ಲಾಂಗ್ ಶಾಫ್ಟ್. 15 ಇಂಚಿನದು ಹಾಕಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ನೆ ಸುತ್ತುತ್ತಿತ್ತು. ಚೈನ್ ಬ್ಲಾಕಿನಲ್ಲಿ ಎತ್ತಿ, ಸ್ಟೇನ್‌ಲೆಸ್ ಬೋಲ್ಟ್‌ಗಳಿಗೆ ಸೀಲೆಂಟ್ ತುಂಬಿ ಕೂಡಿಸಿದೆವು. ಹೆಚ್ಚಾದ ತೂಕ ಸರಿದೂಗಿಸಲು ಬ್ಯಾಟರಿಯನ್ನು ಮುಂದಿನ ಸೀಟಿನ ಕೆಳಗೆ ಒಯ್ದೆ, ದೂರ ಜಾಸ್ತಿ ಅಂತ ದಪ್ಪ ಕೇಬಲ್ ಎಳೆದೆ.

ಪೆಟ್ರೋಲ್ ಈಗಿನ ತಲೆನೋವು. ಔಟ್‌ಬೋರ್ಡ್ ಕಂಪನಿಗಳು ಸಾಮಾನ್ಯವಾಗಿ ಶೇ 10 ಎಥೆನಾಲ್‌ವರೆಗೆ ಒಪ್ಪುತ್ತವೆ, ನಮ್ಮ ಬಂಕುಗಳಲ್ಲಿ ಸಿಗೋದು ಶೇ 20ರದು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟ್ಯಾಂಕಿಗೂ ಇಂಜಿನ್‌ಗೂ ನಡುವೆ 10 ಮೈಕ್ರಾನ್‌ನ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿದೆ. ಅವತ್ತಿಗೆ ಬೇಕಾದಷ್ಟೇ ತುಂಬಿಸುತ್ತೇನೆ, ಉಳಿದದ್ದನ್ನು ಬಸಿದು ಬೈಕಿಗೆ ಹಾಕುತ್ತೇನೆ. ಹಳೇ ರಬ್ಬರ್ ಪೈಪನ್ನೆಲ್ಲ ಕಿತ್ತು ಹೊಸದು ಹಾಕಿದೆ.

ಕಾಗದದ ಕೆಲಸ ಚಿಕ್ಕದಾಗಿ ಹೇಳಿಬಿಡುತ್ತೇನೆ. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಯಂತ್ರದಿಂದ ಓಡುವ ದೋಣಿಗೆ ಸರ್ವೇ, ನೋಂದಣಿ ಬೇಕು. ಇಂಜಿನ್ ಬದಲಿಸಿದರೆ ಹೊಸ ನಂಬರು, ಬಿಲ್ಲು ಜೋಡಿಸಿ ತಿಳಿಸಿಬಿಡಿ.

ಇಂಜಿನ್ ಜತೆ ಬಂದ ಪ್ರೊಪೆಲ್ಲರ್ 13 ಪಿಚ್ಚಿನದು, ಅಂದರೆ ಲೆಕ್ಕದಲ್ಲಿ ಒಂದು ಸುತ್ತಿಗೆ 13 ಇಂಚು ಮುಂದೆ ಹೋಗುವಂಥದ್ದು. ಮೊದಲ ಹತ್ತು ತಾಸಿನ ರನ್ನಿಂಗ್-ಇನ್ ಮುಗಿಸಿ ಐದು ಜನ ಕೂತು ಪೂರ್ತಿ ಥ್ರಾಟಲ್ ಕೊಟ್ಟರೆ ಮೀಟರ್ 5,100 ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತು) ನಿಂತಿತು. ಕಂಪನಿ ಹೇಳುವ ವ್ಯಾಪ್ತಿ 5,000ದಿಂದ 6,000. ಒಳಗೇ ಇದೆ, ಆದರೆ ಕೆಳತುದಿಯಲ್ಲಿ. ಹೊರೆ ಹೊತ್ತು ಕಡಿಮೆ ಆರ್‌ಪಿಎಂನಲ್ಲಿ ಒದ್ದಾಡುವ ಇಂಜಿನ್ ಬೇಗ ಸವೆಯುತ್ತದೆ. ಪಿಚ್ ಒಂದಿಂಚು ಇಳಿಸಿದರೆ ಸುಮಾರು 200 ಆರ್‌ಪಿಎಂ ಏರುತ್ತದೆ. 11 ಪಿಚ್ಚಿನದು ತರಿಸಿದೆ, 5,500 ದಾಟಿತು. ಬೋಟ್ ಬೇಗ ಮೇಲೇಳುತ್ತದೆ, ಕೊನೆಯ ವೇಗ ಸ್ವಲ್ಪ ಕಡಿಮೆ. ಸ್ಟೇನ್‌ಲೆಸ್ ಬೇಡ ಅಂತ ಅಲ್ಯೂಮಿನಿಯಂನದೇ ತಗೊಂಡೆ. ಹಿನ್ನೀರಿನಲ್ಲಿ ಮುಳುಗಿದ ಜಾಲಿ ಬೊಡ್ಡೆಗಳಿವೆ, ಬಡಿದರೆ ರೆಕ್ಕೆ ಬಾಗಿ ಗೇರು ಉಳಿಯಲಿ ಅಂತ.

ಮೀನು ಬಲೆಯ ನೈಲಾನ್ ನೂಲು ಇಲ್ಲಿ ಇನ್ನೊಂದು ಕಾಟ. ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಶಾಫ್ಟಿನ ಸೀಲ್ ಕತ್ತರಿಸಿದರೆ ಗೇರ್ ಆಯಿಲ್‌ಗೆ ನೀರು ಸೇರುತ್ತದೆ. ಬಲೆ ಹಾಕಿದ ಕಡೆ ಓಡಿಸಿ ಬಂದ ದಿನ ನಟ್ ಬಿಚ್ಚಿ, ಪ್ರೊಪೆಲ್ಲರ್ ಎಳೆದು ನೋಡುತ್ತೇನೆ. ಇಂಜಿನ್ ಆಯಿಲ್, ಗೇರ್ ಆಯಿಲ್ ಎರಡನ್ನೂ ಮೊದಲ ಸಲ 20 ತಾಸಿಗೆ ಬದಲಿಸಿದೆ, ಇನ್ನು ಮುಂದೆ 100 ತಾಸಿಗೆ ಅಥವಾ ವರ್ಷಕ್ಕೊಮ್ಮೆ. ಇಂಪೆಲ್ಲರ್ ಮಾತ್ರ ಪ್ರತಿ ಮಳೆಗಾಲ ಮುಗಿದ ಮೇಲೆ ಹೊಸದು, ಹಳೇದು ಚೆನ್ನಾಗೇ ಕಂಡರೂ.