ಕಿಡಿ ಎಲ್ಲಿ ಬಂದು ಕೂರುತ್ತೆ ಅಂತ ನೋಡಿ

ತುಮಕೂರು ಪಕ್ಕದ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ನಮ್ಮಲ್ಲಿ ಟಾಲ್ವೀನ್, ಅಸಿಟೋನ್ ಅನ್ನುವ, ಬೇಗ ಹೊತ್ತಿಕೊಳ್ಳುವ ದ್ರಾವಕಗಳು ಡ್ರಮ್‌ಗಟ್ಟಲೆ ಇರುತ್ತವೆ. ಕಾಂಪೌಂಡಿನ ಹಿಂದೆ ನೀಲಗಿರಿ ತೋಪು, ಅದರಾಚೆ ಗುಡ್ಡ. ಶಿವರಾತ್ರಿ ಹೊತ್ತಿಗೆ ಅಲ್ಲಿನ ಬಾದೆ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ನಮ್ಮ ತುರ್ತು ಯೋಜನೆಯ ಫೈಲಿನಲ್ಲಿ ಮಾತ್ರ ಬೆಂಕಿ ಯಾವಾಗಲೂ ಒಳಗೇ ಹುಟ್ಟುತ್ತಿತ್ತು. ಹೊರಗಿಂದ ಬಂದರೆ ಏನಾಗುತ್ತದೆ ಅಂತ ಲೆಕ್ಕ ಹಾಕಲು ಕೂತೆ.

ಮೊದಲು ನಕ್ಷೆ ತೆಗೆದೆ. ನಾಸಾದ ಫರ್ಮ್ಸ್ ತಾಣದಲ್ಲಿ ಹಿಂದಿನ ವರ್ಷಗಳಲ್ಲಿ ಉಪಗ್ರಹ ಗುರುತಿಸಿದ ಬೆಂಕಿಯ ಚುಕ್ಕಿಗಳು ಪುಕ್ಕಟೆ ಸಿಗುತ್ತವೆ. ಆದರೆ ಅಲ್ಲಿ ಒಂದು ಚುಕ್ಕಿ ಅಂದರೆ ಸುಮಾರು 375 ಮೀಟರ್ ಅಗಲದ ಜಾಗ. ಉಪಗ್ರಹ ಬರುವಷ್ಟರಲ್ಲಿ ಆರಿಹೋದ ಹುಲ್ಲಿನ ಬೆಂಕಿ ಅದರಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಗುಡ್ಡದಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರನ್ನು ಕೇಳಿದೆ.

"ಯಜಮಾನ್ರೇ, ಬೆಂಕಿ ಜಾಸ್ತಿ ಯಾವ ಕಡೆಯಿಂದ ಬರುತ್ತೆ?"

"ಮೇಲಿಂದ ಇಳಿಯೋದು ಕಮ್ಮಿ ಸಾಮಿ. ರಸ್ತೆ ಕಡೆಯಿಂದ್ಲೇ ಬರೋದು. ಬೀಡಿ ಎಸೀತಾರೆ, ಬದು ಸುಡ್ತಾರೆ."

ಅವರ ಮಾತು ಲೆಕ್ಕಕ್ಕೂ ಸರಿಹೊಂದಿತು. ಬೆಂಕಿ ಏರು ಹತ್ತುವಾಗ ಪ್ರತಿ 10 ಡಿಗ್ರಿ ಏರಿಗೆ ಅದರ ವೇಗ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಇಳಿಯುವಾಗ ನಿಧಾನ. ನಾವಿರುವುದು ಬುಡದಲ್ಲಿ. ಅಂದಮೇಲೆ ಗುಡ್ಡಕ್ಕಿಂತ ರಸ್ತೆ ಪಕ್ಕದ ಹುಲ್ಲುಗಾವಲಿಗೇ ಹೆಚ್ಚು ಹೆದರಬೇಕು, ಗಾಳಿ ನಮ್ಮ ಕಡೆ ಬೀಸುವ ದಿನ ಅಂತೂ ಇನ್ನೂ ಜಾಸ್ತಿ.

ಆಮೇಲೆ ಶಾಖ. ಚದರ ಮೀಟರಿಗೆ 12.5 ಕಿಲೋವ್ಯಾಟ್ ಶಾಖ ತಾಗುತ್ತಲೇ ಇದ್ದರೆ, ಒಂದು ಕಿಡಿ ಸಿಕ್ಕರೆ ಸಾಕು, ಮರ ಹೊತ್ತಿಕೊಳ್ಳುತ್ತದೆ. ನಮ್ಮ ಡ್ರಮ್ ಶೆಡ್ ಬೇಲಿಯಿಂದ ದೂರವಿದೆ, ಅಷ್ಟು ಶಾಖ ಅಲ್ಲಿಗೆ ಮುಟ್ಟುವುದಿಲ್ಲ. ಎಷ್ಟೋ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಬಾರದು. ಜ್ವಾಲೆ ಬೇಲಿಯಲ್ಲೇ ನಿಂತರೂ ಕಿಡಿ ನಿಲ್ಲುವುದಿಲ್ಲ. ನೀಲಗಿರಿಯ ತೊಗಟೆ ಸಿಪ್ಪೆ ಸಿಪ್ಪೆಯಾಗಿ ಎದ್ದು, ಉರಿಯುತ್ತಲೇ ನೂರಾರು ಮೀಟರ್ ಹಾರಬಲ್ಲದು.

ಹಾಗಾಗಿ ನಾನೇ ಕಿಡಿಯಾಗಿದ್ದರೆ ಎಲ್ಲಿ ಕೂರುತ್ತಿದ್ದೆ ಅಂತ ಯೋಚಿಸುತ್ತಾ ಇಡೀ ಅಂಗಳ ಸುತ್ತಿದೆ. ಟ್ಯಾಂಕಿನ ಸುತ್ತ ಇರುವ ಡೈಕ್ ಗೋಡೆಯ ಮೂಲೆಯಲ್ಲಿ ಗಾಳಿ ತಂದು ಸುರಿದ ತರಗೆಲೆ ಪಾದ ಮುಳುಗುವಷ್ಟಿತ್ತು. ಸೋರಿದ್ದನ್ನು ಹಿಡಿಯಲು ಕಟ್ಟಿದ ಜಾಗ ಅದು, ಈಗ ಒಲೆಗೆ ಸೌದೆ ಜೋಡಿಸಿಟ್ಟ ಹಾಗಿತ್ತು. ಶೆಡ್ಡಿನ ಗೋಡೆಗೆ ಒರಗಿಸಿ ಮುರಿದ ಮರದ ಪ್ಯಾಲೆಟ್‌ಗಳು. ಅದರ ಪಕ್ಕ ಮುಚ್ಚಳವಿಲ್ಲದ ಖಾಲಿ ಟಾಲ್ವೀನ್ ಡ್ರಮ್‌ಗಳು. "ಖಾಲಿ ಅಲ್ವಾ ಸಾರ್" ಅಂದ ಹುಡುಗನಿಗೆ ನಿಧಾನವಾಗಿ ವಿವರಿಸಿದೆ. ಟಾಲ್ವೀನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಮಾರ್ಚ್ ಬಿಸಿಲಿನಲ್ಲಿ ಕೇಳಬೇಕೇ? ತಳದಲ್ಲಿ ಉಳಿದ ಒಂದಿಷ್ಟು ದ್ರವವೇ ಸಾಕು, ಡ್ರಮ್ ಸಿಡಿಯಲು.

ಬೆಂಕಿಗೆ ನೀರು ಹೊಡೆಯುವ ಪಂಪಿನದ್ದು ಇನ್ನೊಂದು ಕಥೆ. ಬೆಂಕಿ ತಂತಿ ಕೆಳಗೆ ಬಂದರೆ ಕರೆಂಟ್ ತೆಗೆಯುತ್ತಾರೆ, ತೆಗೆಯಲೇಬೇಕು. ಆಗ ವಿದ್ಯುತ್ ಪಂಪ್ ಸುಮ್ನೆ ನಿಂತಿರುತ್ತದೆ. ಡೀಸೆಲ್ ಪಂಪನ್ನು ಈಗ ವಾರವಾರ ಓಡಿಸಿ ನೋಡುತ್ತೇವೆ. ಅಸಿಟೋನಿನ ಮೇಲೆ ಬೆಂಕಿ ಆರಿಸುವ ಮಾಮೂಲಿ ನೊರೆ ನಿಲ್ಲುವುದಿಲ್ಲ, ಆಲ್ಕೋಹಾಲ್‌ನಂಥ ದ್ರವದ ಮೇಲೂ ಒಡೆಯದ ನೊರೆಯೇ ಬೇಕು, ಅದನ್ನೂ ತರಿಸಿದೆವು.

ಖಾಲಿ ಡ್ರಮ್‌ಗಳಿಗೆ ಮುಚ್ಚಳ ಬಿಗಿದು ಬೇರೆ ಶೆಡ್ಡಿಗೆ ಸಾಗಿಸಿದ್ದಾಯಿತು. ಪ್ಯಾಲೆಟ್ ಮಾರಿದೆವು. ತೋಪಿನ ಮಾಲೀಕರ ಜೊತೆ ಮಾತಾಡಿ, ಬೇಲಿಗುಂಟ ತರಗು ಗುಡಿಸಿ ಹುಲ್ಲು ಕೆತ್ತಿಸುವ ಕೂಲಿ ನಮ್ಮದು ಅಂತ ಒಪ್ಪಿಸಿದೆ. ಬಾಕಿ ಇರುವುದು ಚರಂಡಿ. ಬೆಂಕಿಗೆ ಹೊಡೆದ ನೀರು ರಾಸಾಯನಿಕದ ಸಮೇತ ಈಗಲೂ ನೇರ ಕೆರೆ ಕಡೆಗೇ ಹರಿಯುತ್ತದೆ. ಅಲ್ಲೊಂದು ಮುಚ್ಚುವ ಗೇಟು ಕೂರಿಸಲು ಮ್ಯಾನೇಜರ್ ಹತ್ತಿರ ಅರ್ಜಿ ಕೊಟ್ಟಿದ್ದೇನೆ, ಬೇಸಿಗೆಗೆ ಮುಂಚೆಯೇ ಆಗಬೇಕು ಅಂತ ಹಟ ಹಿಡಿದಿದ್ದೇನೆ.